ಮತ್ತಿ ಗಿಡದ ಟಸರ್ ಪತಂಗ, ಗುರುತು ಹಿಡಿಯೂದು ಹೆಂಗ?

ಬೆಳಗಾವಿ ಜಿಲ್ಲಾದ ಖಾನಾಪುರ, ಜಾಂಬೋಟಿ ಕಡೆ ಮೊದಲ ಮಳಿ ಬಿದ್ದ ಮ್ಯಾಲ ಟ್ಯೂಬ್‌ಲೈಟ್ ಹಂತ್ಯಾಕ ಅಂಗೈಗಿಂತ ದೊಡ್ಡ ಪತಂಗ ಬಂದ ಕುಂದರತಾವ, ಮುಂಜಾನೆ ಮಂದಿ ಫೋಟೋ ತಗದ ವಾಟ್ಸಾಪ್‌ನ್ಯಾಗ "ಅಟ್ಲಾಸ್ ಸಿಕ್ಕೈತಿ" ಅಂತ ಹಾಕ್ತಾರ. ಅಟ್ಲಾಸ್ ಅಂದ್ರ ಭಾಳ ದೊಡ್ಡ ಪತಂಗದ ಒಂದ ಜಾತಿ. ನಂಗ ಬರೋ ಫೋಟೋದಾಗ ಭಾಳ ಸಲ ಅದು ಅಟ್ಲಾಸ್ ಇರಂಗಿಲ್ಲ, ಟಸರ್ ರೇಷ್ಮಿ ಪತಂಗ ಇರತೈತಿ. ಆಂಥೆರಿಯಾ ಪಾಫಿಯಾ ಅಂತ ಅದರ ವೈಜ್ಞಾನಿಕ ಹೆಸರು, ಕೆಲವ್ರು ಆಂಥೆರಿಯಾ ಮೈಲಿಟ್ಟಾ ಅಂತಾನೂ ಬರೀತಾರ.

ರೆಕ್ಕಿ ಮ್ಯಾಲಿನ ಕಣ್ಣಿನಂಥಾ ಗುರುತು ನೋಡ್ರಿ. ಟಸರ್‌ಗೆ ನಾಕೂ ರೆಕ್ಕಿ ಮ್ಯಾಲ ಒಂದೊಂದು ದುಂಡನ ಕಣ್ಣು, ಅದರ ನಡುವ ತೆಳ್ಳನ ಪಾರದರ್ಶಕ ಪೊರಿ, ಹಿಂದ ಬೆರಳ ಇಟ್ರ ಬೆರಳ ಕಾಣತೈತಿ. ಅಟ್ಲಾಸ್‌ಗೆ ಆ ಜಾಗಾದಾಗ ಮೂರ ಮೂಲಿ ಕಿಟಕಿ. ತಿಳಿ ಹಸರು ಬಣ್ಣ, ಹಿಂದ ಉದ್ದನ ಬಾಲ ಇದ್ರ ಅದು ಚಂದ್ರ ಪತಂಗ, ಅಲ್ಲೆ ಗೊಂದಲಾನ ಇಲ್ಲ. ಬಣ್ಣ ಒಂದ ನೋಡಿ ಮಾತ್ರ ಹೇಳಾಕ ಹೋಗಬ್ಯಾಡ್ರಿ, ಯಾಕಂದ್ರ ಟಸರ್ ಗಂಡು ಹೆಚ್ಚಾಗಿ ಕೆಂಪಗಂದು, ಹೆಣ್ಣು ಹಳದಿ ಇಲ್ಲಾ ಬೂದಿ, ಎರಡೂ ಬ್ಯಾರೆ ಬ್ಯಾರೆ ಜಾತಿ ಅನಸ್ತಾವ. ಗಂಡಿನ ಮೀಸಿ ಅಗಲ ಇರತಾವ, ಹೆಣ್ಣಿನ ವಾಸನಿ ದೂರದಿಂದನ ಹಿಡೀಬೇಕಲ್ಲ! ದೊಡ್ಡದಾದ ಮ್ಯಾಲ ಇವು ಏನೂ ತಿನ್ನಂಗಿಲ್ಲ, ಹುಳ ಇದ್ದಾಗ ತಿಂದ ಕೂಡಿಸಿದ್ದರ ಮ್ಯಾಲ ಸುಮಾರು ಒಂದ ವಾರ ಬದಕತಾವ, ಅಷ್ಟರಾಗ ಜೋಡಿ ಆಗಬೇಕು ತತ್ತಿ ಇಡಬೇಕು, ಅದಕ್ಕ ರಾತ್ರಿ ಅಂಗಳದ ಲೈಟ್ ಆರಿಸ್ರಿ ಅಂತ ಎಲ್ಲಾರಿಗೂ ಕೈ ಮುಗದ ಹೇಳ್ತೀನಿ, ಲೈಟ್ ಸುತ್ತ ತಿರುಗೂದ್ರಾಗ ಅವುಗಳ ರಾತ್ರಿ ಹಾಳ ಆಗ್ತಾವ.

ನಂಗ ಪತಂಗಕ್ಕಿಂತ ಅದರ ಹುಳಾನ ಹೆಚ್ಚು ಸೇರತೈತಿ. ಮತ್ತಿ, ಹೊಳಿಮತ್ತಿ, ಬಾರಿ ಗಿಡದಾಗ ಹುಡುಕ್ರಿ, ಆದ್ರ ಮೊದಲ ಮ್ಯಾಲ ನೋಡಬ್ಯಾಡ್ರಿ, ಗಿಡದ ಬುಡದಾಗ ನೋಡ್ರಿ. ಉದ್ದಕ್ಕೂ ಗೀರು ಬಿದ್ದ ದಪ್ಪ ಹಿಕ್ಕಿ ಉದುರಿದ್ರ, ಅದೂ ಹಸೀ ಇದ್ರ, ಸರಿಯಾಗಿ ಅದರ ಮ್ಯಾಲಿನ ಟೊಂಗ್ಯಾಗ ಹುಳ ಇರತೈತಿ. ಎಲಿ ಹಸರು, ಹುಳಾನೂ ಹಸರು, ತೊಟ್ಟಿಗೆ ಜೋತ ಬಿದ್ದು ಅಲುಗಾಡಂಗಿಲ್ಲ, ಬಲತಾಗ ನಾಕೈದ ಇಂಚು ಇದ್ರೂ ಕಣ್ಣಿಗೆ ಬೀಳೂದಿಲ್ಲ. ಪಕ್ಕದಾಗ ಹಳದಿ ಪಟ್ಟಿ ಐತೇನು, ಮುಂದಿನ ಕಡೆ ಬೆಳ್ಳಿ ಚುಕ್ಕಿ ಹೊಳೀತಾವೇನು ನೋಡ್ರಿ. ಚಂದ್ರ ಪತಂಗದ ಹುಳಾನೂ ಹಸರ ಇರತೈತಿ, ಆದ್ರ ಅದಕ್ಕ ಈ ಬೆಳ್ಳಿ ಚುಕ್ಕಿ ಇರಂಗಿಲ್ಲ.

ಕಂಬಳಿಹುಳ ಅಂತ ತಿಳದ ಇದನ್ನ ಬಡದ ಹಾಕ್ತಾರ, ನೋಡಿದ್ರ ಹೊಟ್ಟಿ ಉರೀತೈತಿ. ಇದು ಮುಟ್ಟಿದ್ರ ತುರಿಸಂಗಿಲ್ಲರೀ. ಜಾರ್ಖಂಡ್, ಛತ್ತೀಸ್‌ಗಢದಾಗ ರೈತರು ರೇಷ್ಮಿಗಾಗಿ ಇದನ್ನ ಇದ ಮತ್ತಿ, ಹೊಳಿಮತ್ತಿ ಗಿಡದ ಮ್ಯಾಲ ಸಾಕ್ತಾರ, ಒಂದ ಗಿಡದಾಗ ಎಲಿ ಮುಗಿದ್ರ ಇನ್ನೊಂದ ಗಿಡಕ್ಕ ಒಯ್ದ ಬಿಡ್ತಾರ.

ಇನ್ನ ಗೂಡು. ಕೋಳಿ ತತ್ತಿಕ್ಕಿಂತ ಸ್ವಲ್ಪ ಸಣ್ಣದು, ಬೂದಿ-ಹಳದಿ ಬಣ್ಣ, ಬೆರಳಿಲೆ ಒತ್ತಿದ್ರ ಬಗ್ಗಂಗಿಲ್ಲ ಅಷ್ಟ ಗಟ್ಟಿ. ಹುಳ ಮೊದಲ ರೇಷ್ಮಿಲೆ ಟೊಂಗಿ ಸುತ್ತ ಒಂದ ಬಳಿ ಹಾಕತೈತಿ, ಬಳಿಯಿಂದ ಒಂದ ತೊಟ್ಟು ಇಳಿಸ್ತೈತಿ, ಆಮ್ಯಾಲ ಅದಕ್ಕ ಗೂಡು ಕಟ್ಟತೈತಿ, ಹಿಂಗಾಗಿ ಎಲಿ ಉದುರಿದ್ರೂ ಗೂಡು ಬೀಳಂಗಿಲ್ಲ. ಅಟ್ಲಾಸ್ ಗೂಡು ಎಲಿಯಾಗ ಸುತ್ತಿರತೈತಿ, ಚಂದ್ರ ಪತಂಗದ್ದೂ ಎಲಿ ಕೂಡಿಸಿದ್ದ ತೆಳು ಗೂಡು. ಬ್ಯಾಸಗ್ಯಾಗ ಮತ್ತಿ ಗಿಡ ಬೋಳ ಆದಾಗ ಜಾಂಬೋಟಿ ರೋಡಿನ ಬದಿಗೆ ನಿಂತ ಮ್ಯಾಲ ನೋಡಿದ್ರ ಟೊಂಗ್ಯಾಗ ಇವು ಕಾಣಸ್ತಾವ. ತೊಟ್ಟಿನ ಕಡೆ ತುದಿಯಾಗ ತೂತ ಇದ್ರ ಪತಂಗ ಆಗ್ಲೇ ಹೊರಗ ಬಂದೈತಿ. ತೂತಿಲ್ಲದ್ದು ಕಂಡ್ರ ಕೀಳಬ್ಯಾಡ್ರಿ, ಒಳಗ ಜೀವ ಮಳಿ ಕಾಯಾಕ ಹತ್ತಿರಬಹುದು; ಭೀಮಗಡ ಅಭಯಾರಣ್ಯದ ಒಳಗಂತೂ ಇಂಥಾದ್ದಕ್ಕ ಕೈ ಹಚ್ಚೂದ ಬ್ಯಾಡ, ಫೋಟೋ ತಗೊಂಡು ಗಿಡ ಯಾವುದು ಅಂತ ಬರ್ಕೊಂಡ ಬರ್ರಿ.