ಜೆರ್ಸಿ ನಂಬರ್ 8222

ನ್ಯೂಯಾರ್ಕ್‌ನಿಂದ ನಯಾಗರಕ್ಕೆ ರೈಲು ಹತ್ತಿದವರು ರಾಚೆಸ್ಟರ್ ದಾಟಿಯೇ ಹೋಗಬೇಕು. ಅಲ್ಲಿ ಇಳಿಯುವ ನಮ್ಮವರು ಕಡಿಮೆ. ನಾನು ಇಳಿದದ್ದು ಅಣ್ಣನ ಮಗ ಅಲ್ಲಿ ಓದುತ್ತಿದ್ದಾನೆಂಬ ಕಾರಣಕ್ಕೆ. "ನಯಾಗರ ನಾಳೆ ನೋಡಿದ್ರಾಯ್ತು ಚಿಕ್ಕಪ್ಪ, ಇವತ್ತು ಸಂಜೆ ರೆಡ್ ವಿಂಗ್ಸ್ ಮ್ಯಾಚಿದೆ" ಎಂದ.

ಇದು ಕೊಡಾಕ್ ಕಂಪನಿಯ ಊರು. 1980ರ ದಶಕದ ಆರಂಭದಲ್ಲಿ ಇಲ್ಲಿ ಅರವತ್ತು ಸಾವಿರ ಜನಕ್ಕೆ ಅದೊಂದೇ ಕಂಪನಿ ಕೆಲಸ ಕೊಟ್ಟಿತ್ತು. ಡಿಜಿಟಲ್ ಕ್ಯಾಮೆರಾ ಬಂದು ಫಿಲ್ಮ್ ರೋಲ್ ಮೂಲೆಗೆ ಸೇರಿದ ಮೇಲೆ, 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಹಳೆಯ ಕೊಡಾಕ್ ಗೋಪುರ ಇನ್ನೂ ನಿಂತಿದೆ. ಅದರ ಹತ್ತಿರದಲ್ಲೇ ಬೇಸ್‌ಬಾಲ್ ಮೈದಾನ. ವಿಳಾಸ: ನಂಬರ್ 1, ಮೊರಿ ಸಿಲ್ವರ್ ವೇ.

ರೆಡ್ ವಿಂಗ್ಸ್ ಈ ಊರಿನ ಬೇಸ್‌ಬಾಲ್ ತಂಡ. ಆಡುವುದು ಮೇಜರ್ ಲೀಗ್‌ಗಿಂತ ಕೆಳಗಿನ ಮೈನರ್ ಲೀಗ್‌ನಲ್ಲಿ, ಅದರಲ್ಲೂ ಎಲ್ಲಕ್ಕಿಂತ ಮೇಲಿನ ದರ್ಜೆಯಾದ ಟ್ರಿಪಲ್-ಎಯಲ್ಲಿ. ಆಟಗಾರರು ಇಲ್ಲಿ ಪಳಗಿ ಮೇಜರ್ ಲೀಗ್‌ನ ಕರೆಗೆ ಕಾಯುತ್ತಾರೆ. ಅವರಿಗೆ ಸಂಬಳ ಕೊಡುವುದು, ಯಾರನ್ನು ಯಾವಾಗ ಕರೆಸಿಕೊಳ್ಳಬೇಕೆಂದು ತೀರ್ಮಾನಿಸುವುದು ಮಾತೃ ತಂಡ. ಈಗ ಅದು ವಾಷಿಂಗ್ಟನ್ ನ್ಯಾಷನಲ್ಸ್. ಹಿಂದೆ ಮಿನ್ನೆಸೋಟ, ಅದಕ್ಕೂ ಹಿಂದೆ ಬಾಲ್ಟಿಮೋರ್, ಇನ್ನೂ ಹಿಂದೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್. ಇಂದು ಚಪ್ಪಾಳೆ ಗಿಟ್ಟಿಸಿದ ಹುಡುಗ ನಾಳೆ ಬೆಳಿಗ್ಗೆ ವಾಷಿಂಗ್ಟನ್‌ಗೆ ವಿಮಾನ ಹತ್ತಿರಬಹುದು. ಹೀಗೆ ಬಂದು ಹೋಗುವವರ ತಂಡವನ್ನು ಒಂದು ಊರು ತನ್ನದೆಂದು ಹೇಗೆ ಹಚ್ಚಿಕೊಳ್ಳುತ್ತದೆ? ನನಗೆ ಬೇಕಾಗಿದ್ದದ್ದು ಈ ಪ್ರಶ್ನೆಗೆ ಉತ್ತರ. ಅದು ಸಿಕ್ಕಿದ್ದು ಮೈದಾನದಲ್ಲಿ ಬರೆದಿದ್ದ ಸಂಖ್ಯೆಗಳಲ್ಲಿ.

ಇನ್ಯಾರೂ ತೊಡದಂತೆ ತಂಡ ಗೌರವದಿಂದ ಎತ್ತಿಟ್ಟ ಜೆರ್ಸಿ ನಂಬರುಗಳವು. ನಮ್ಮಲ್ಲಿ ಸಚಿನ್ ಅವರ 10 ಇದ್ದ ಹಾಗೆ. 36 ಹಿಂದೆ ಇಲ್ಲಿ ಆಡಿದ ಲೂಕ್ ಈಸ್ಟರ್ ಅವರದು, 26 ಇಲ್ಲಿ ಆಡಿ ಮುಂದೆ ತಂಡದ ಮ್ಯಾನೇಜರ್ ಆದ ಜೋ ಆಲ್ಟೊಬೆಲ್ಲಿ ಅವರದು. ಮೂರನೆಯದು 8222. ಅಂಥ ನಂಬರ್ ತೊಟ್ಟು ಆಡಿದವರು ಯಾರೂ ಇಲ್ಲ.

1956ರ ಕೊನೆಯಲ್ಲಿ ಕಾರ್ಡಿನಲ್ಸ್ ಈ ತಂಡ ತನಗೆ ಬೇಡವೆಂದು ಕೈಬಿಡಲು ಹೊರಟಿತು. ಮಾರಾಟವಾದರೆ ತಂಡ ಬೇರೆ ಊರಿನ ಪಾಲಾಗುವ ಭಯ. ಆಗ ಮೊರಿ ಸಿಲ್ವರ್ ಎಂಬ ಸ್ಥಳೀಯ ವ್ಯಾಪಾರಿ ಮುಂದೆ ನಿಂತು, ಹತ್ತು ಡಾಲರ್‌ಗೊಂದು ಷೇರಿನಂತೆ ತಂಡವನ್ನು ಊರಿನವರಿಗೇ ಮಾರುವ ಯೋಜನೆ ಹೂಡಿದರು. 72 ದಿನಗಳಲ್ಲಿ ಹಣ ಕೂಡಿತು. ಷೇರು ಕೊಂಡವರು 8,222 ಮಂದಿ. ಆ ನಂಬರ್ ಸಿಲ್ವರ್ ಅವರ ಗೌರವಾರ್ಥ ಇಟ್ಟದ್ದು, ಎಣಿಸಿದ್ದು ಮಾತ್ರ ಊರವರನ್ನು. ತಂಡ ಇವತ್ತಿಗೂ ಷೇರುದಾರರದ್ದೇ. ಅದನ್ನು ಬಹುಕಾಲ ಮುನ್ನಡೆಸಿದವರು ಸಿಲ್ವರ್ ಅವರ ಮಗಳು ನವೋಮಿ.

ನನ್ನ ಪಕ್ಕದ ಸೀಟಿನ ಅಜ್ಜಿ ತೊಡೆಯ ಮೇಲೆ ಸ್ಕೋರ್‌ಕಾರ್ಡ್ ಇಟ್ಟುಕೊಂಡು ಪ್ರತಿ ಬ್ಯಾಟರ್‌ಗೂ ಒಂದು ಚೌಕದಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕುತ್ತಿದ್ದರು. ಮೂರು ಸ್ಟ್ರೈಕ್‌ಗೆ, ಅಂದರೆ ಹೊಡೆಯಬೇಕಾದ ಎಸೆತವನ್ನು ಮೂರು ಸಲ ತಪ್ಪಿಸಿಕೊಂಡು ಔಟಾದರೆ 'ಕೆ' ಅಕ್ಷರ. ಚೆಂಡು ನೋಡುತ್ತಲೇ ನಿಂತು ಔಟಾದರೆ ಅದೇ 'ಕೆ' ತಿರುವುಮುರುವು. ಎಲ್ಲವನ್ನೂ ಸಮಾಧಾನದಿಂದ ಹೇಳಿಕೊಟ್ಟರು. ಅವರ ಅಪ್ಪ ಕೊಂಡ ಷೇರಿನ ಕಾಗದ ಈಗಲೂ ಮನೆಯಲ್ಲಿದೆಯಂತೆ. ಎದುರಾಳಿ ಪಕ್ಕದೂರಿನ ಬಫಲೊ ಬೈಸನ್ಸ್. ನಮ್ಮವರ ಹೊಡೆತ ಬೇಲಿ ದಾಟಿದಾಗ ಅಜ್ಜಿ ಮೊದಲು ಬರೆದುಕೊಂಡು ಆಮೇಲೆ ಎದ್ದು ಚಪ್ಪಾಳೆ ತಟ್ಟಿದರು. ನಾನಾಗಲೇ "ನಮ್ಮವರು" ಎನ್ನತೊಡಗಿದ್ದೆ.

ಮೇಜರ್ ಲೀಗ್‌ನ ದಿಗ್ಗಜ ಕ್ಯಾಲ್ ರಿಪ್ಕೆನ್ ಜೂನಿಯರ್ ಕೂಡ ಇಲ್ಲಿಂದಲೇ ಮೇಲೇರಿದವರು. ಬೇಸ್‌ಬಾಲ್ ಪಂದ್ಯ ಸಾಮಾನ್ಯವಾಗಿ ಒಂಬತ್ತು ಇನಿಂಗ್ಸ್‌ನದು; 1981ರಲ್ಲಿ ಪಾಟಕೆಟ್ ತಂಡದ ಎದುರು 33 ಇನಿಂಗ್ಸ್ ನಡೆದ, ವೃತ್ತಿಪರ ಬೇಸ್‌ಬಾಲ್‌ನ ಅತಿ ದೀರ್ಘ ಪಂದ್ಯವನ್ನು ಅವರು ರಾಚೆಸ್ಟರ್ ಪರ ಪೂರ್ತಿ ಆಡಿದರು. 3–2ರಿಂದ ಸೋತರೂ ಆ ಪಂದ್ಯದ ಮಾತು ಇಲ್ಲಿ ಹೆಮ್ಮೆಯಿಂದಲೇ ಬರುತ್ತದೆ.

ಊರಿನ ಊಟವೂ ಮೈದಾನ ಹೊಕ್ಕಿದೆ. ಹುರಿದ ಆಲೂಗಡ್ಡೆ, ಮ್ಯಾಕರೋನಿ ಸಲಾಡ್, ಮೇಲೆ ಹಾಟ್ ಡಾಗ್ ಅಥವಾ ಬರ್ಗರ್ ತುಂಡು, ಮಾಂಸದ ಸಾಸ್, ಈರುಳ್ಳಿ, ಸಾಸಿವೆ — ಎಲ್ಲ ಒಂದೇ ತಟ್ಟೆಯಲ್ಲಿ. ಹೆಸರು 'ಗಾರ್ಬೇಜ್ ಪ್ಲೇಟ್'. 2017ರಿಂದ ಕೆಲವು ಪಂದ್ಯಗಳಲ್ಲಿ ತಂಡ 'ರಾಚೆಸ್ಟರ್ ಪ್ಲೇಟ್ಸ್' ಎಂಬ ಹೆಸರಲ್ಲೇ ಆಡಿದೆ.

ಆ ಕಡೆ ಹೋಗುವವರು ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ ಹೋದರೆ ಒಂದು ಸಂಜೆ ಇಲ್ಲಿಗೆ ಇಟ್ಟುಕೊಳ್ಳಿ. ಬೇಗ ಬಂದರೆ, ನಡೆದು ಹೋಗುವಷ್ಟು ಹತ್ತಿರದಲ್ಲೇ ಜೆನೆಸಿ ನದಿ ಧುಮುಕುವ ಹೈ ಫಾಲ್ಸ್ ಇದೆ. ನಯಾಗರದ ಮುಂದೆ ಚಿಕ್ಕದು, ಆದರೆ ನಡು ಪೇಟೆಯಲ್ಲೇ ಇದೆ.