ಈ ರಿಟರ್ನ್ ಯಾರಿಗ್ರೀ, ಸರ್?

ಮಂಗಳವಾರ ಮಧ್ಯಾಹ್ನ ನಮ್ಮ ಆಫೀಸಿನ ಇಂಟರ್ನ್ ಹುಡುಗಿ ನನಗೊಂದು ಪ್ರಶ್ನೆ ಕೇಳಿದಳು. ಇವತ್ತು ಶನಿವಾರ. ಚಿಗರಿ ಬಸ್ಸಿನಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವಾಗ, ವಾಪಸ್ ಬರುವಾಗ, ಹಲ್ಲುಜ್ಜುವಾಗ, ರಾತ್ರಿ ರೊಟ್ಟಿ ಮುರಿಯುವಾಗ ಅದೇ ಪ್ರಶ್ನೆ.

"ಸರ್, ಈ ರಿಟರ್ನ್ ಯಾರಿಗ್ರೀ?"

ನಾಲ್ಕೇ ಪದ. ಅವಳು ಸುಮ್ನೆ ಕೇಳಿದ್ದು. ಕೊಂಕು ಇರಲಿಲ್ಲ, ಸರ್‌ನ ತಪ್ಪು ಹಿಡಿದೆ ಅನ್ನುವ ಖುಷಿಯೂ ಇರಲಿಲ್ಲ. ಅದಕ್ಕೇ ಜಾಸ್ತಿ ತಾಗಿತು ಅನಿಸುತ್ತದೆ.

ವಿಷಯ ಇಷ್ಟು. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ನಮ್ಮ ಪೆಟ್ಟಿಗೆಗಳಿವೆ. ಒಣ ಮೆಣಸಿನಕಾಯಿ ಚೀಲ ಪೇರಿಸಿಟ್ಟ ಕೋಣೆಗಳ ತಂಪು, ತೇವ ಎಷ್ಟಿದೆ ಅಂತ ನೋಡುತ್ತಿರುವುದು ಅವುಗಳ ಕೆಲಸ. ಒಳಗೆ ಒಂದು ಸಣ್ಣ ಲಿನಕ್ಸ್ ಬೋರ್ಡ್, ಅದರ ಪಕ್ಕ ಸೆನ್ಸರ್ ಕಾರ್ಡ್, ಆ ಕಾರ್ಡನ್ನು ಮಾತಾಡಿಸಲು ನಾನು ಬರೆದ ಪ್ರೋಗ್ರಾಂ, ಅಂದರೆ ಡ್ರೈವರ್. ಕಾರ್ಡ್ ಆಗಾಗ ಹಟ ಹಿಡಿಯುತ್ತದೆ. ಆಗ ಒಂದು ಸ್ಕ್ರಿಪ್ಟ್ ಡ್ರೈವರನ್ನು ಇಳಿಸಿ ಮತ್ತೆ ಏರಿಸುತ್ತದೆ. ಟಿವಿ ನಿಂತರೆ ಸ್ವಿಚ್ ಆಫ್ ಮಾಡಿ ಆನ್ ಮಾಡ್ತೀವಲ್ಲ, ಅದೇ ಚಿಕಿತ್ಸೆ. ಬಹಳ ಸಲ ಸರಿಹೋಗುತ್ತಿತ್ತು. ಕೆಲವು ಸಲ ಮಾತ್ರ ಇಡೀ ಬೋರ್ಡೇ ಅಡ್ಡ ಬೀಳುತ್ತಿತ್ತು. ಆಮೇಲೆ ಅಲ್ಲಿಯ ಮ್ಯಾನೇಜರ್ ಫೋನ್: "ನಿಮ್ಮ ಡಬ್ಬಿ ಮತ್ತ ನಿಂತೈತ್ರಿ."

ಆ ಮನುಷ್ಯನ ತಾಳ್ಮೆ ದೊಡ್ಡದು. ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ನಾನು ಬೇಗ ಹುಡುಕುತ್ತಿದ್ದೆನೋ ಏನೋ. ನಮ್ಮ ಆಫೀಸಿನ ಸಾಹೇಬರದು ಬೇರೆ ಥರ. ಅವರಿಗೆ ಎಲ್ಲ ಕಾಯಿಲೆಗೂ ಒಂದೇ ಕಾರಣ, "ಕಾರ್ಡ್ ಸೋವಿ ಮಾಲು." ಕಾರ್ಡ್ ಸೋವಿ ಮಾಲು ಹೌದು. ಆದರೆ ಕಾರ್ಡ್ ಕೆಟ್ಟರೆ ಕಾರ್ಡ್ ತಾನೇ ಸಾಯಬೇಕು, ಇಡೀ ಬೋರ್ಡನ್ನು ನಡೆಸುವ ಲಿನಕ್ಸಿನ ತಿರುಳು, ಅಂದರೆ ಕರ್ನಲ್, ಯಾಕೆ ಸಾಯಬೇಕು?

ನಾನು ಎರಡು ವಾರ ತಪ್ಪು ಜಾಗದಲ್ಲಿ ಹುಡುಕಿದೆ. ಡ್ರೈವರ್ ಮತ್ತೆ ಏರಿದ ಎರಡು ಮೂರು ಸೆಕೆಂಡಿಗೆ ಬೋರ್ಡ್ ಬೀಳುತ್ತಿದ್ದುದರಿಂದ ಏರುವ ಕಡೆಯೇ ತಪ್ಪಿದೆ ಅಂದುಕೊಂಡಿದ್ದೆ. ಪ್ರೋಬ್ ಫಂಕ್ಷನ್ನನ್ನು ಸಾಲು ಸಾಲಾಗಿ ಓದಿದೆ. ಪ್ರೋಬ್ ಅಂದರೆ ಡ್ರೈವರ್ ಬಂದು ಸಂಸಾರ ಹೂಡುವ ಜಾಗ. ಮೆಮೊರಿ ತಗೋ, ಕಾರ್ಡಿಗೆ ತಾಳ ಹಾಕುವ ಕ್ಲಾಕ್ ಹಚ್ಚು, ಟೈಮರ್ ಇಡು, ಒಂದು ಆಗದಿದ್ದರೆ ಅಲ್ಲಿವರೆಗೆ ತಗೊಂಡಿದ್ದನ್ನು ಹಿಂದಿನಿಂದ ಒಂದೊಂದಾಗಿ ಬಿಟ್ಟು ವಾಪಸ್ ಹೋಗು. ಅದನ್ನು ನಾನು ಬಹಳ ಮುತುವರ್ಜಿಯಿಂದ ಬರೆದಿದ್ದೆ. ಡ್ರೈವರ್ ಗಂಟುಮೂಟೆ ಕಟ್ಟಿ ಹೊರಡುವ ಜಾಗವಾದ ರಿಮೂವ್ ಫಂಕ್ಷನ್ ಕಡೆ ಕಣ್ಣೇ ಹಾಯಿಸಲಿಲ್ಲ. ಹೋಗುವುದಕ್ಕೇನು ಮಹಾ, ಅಲ್ವಾ?

ಈ ಹುಡುಗಿ ಗದಗಿನಿಂದ ದಿನಾ ರೈಲಿನಲ್ಲಿ ಬರುತ್ತಾಳೆ. ಮಾತು ಕಡಿಮೆ. ಮೊದಲ ವಾರ ಇವಳು ಸ್ವಲ್ಪ ಮಂಕು ಅಂದುಕೊಂಡಿದ್ದೆ. ಅದನ್ನೂ ಒಪ್ಪಿಕೊಂಡುಬಿಡುತ್ತೇನೆ. ಕಲಿಯಲಿ ಅಂತ ನನ್ನ ಕೋಡ್ ಓದಲು ಕೊಟ್ಟಿದ್ದೆ. ಮಂಗಳವಾರ ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದಳು. ತೆರೆದಿದ್ದು ರಿಮೂವ್. ಮೊದಲ ಮೂರು ಸಾಲು ಹೀಗಿತ್ತು: ಮಲಗಿರುವ ಕಾರ್ಡನ್ನು ಎಬ್ಬಿಸು. ಏಳದಿದ್ದರೆ ಎರರ್ ನಂಬರ್ ಹೇಳಿ ವಾಪಸ್ ಹೋಗು. ಎದ್ದರೆ ಮುಂದಿನ ಕೆಲಸ ಮಾಡು.

"ಸರ್, ಈ ರಿಟರ್ನ್ ಯಾರಿಗ್ರೀ?"

"ಕರ್ನಲ್‌ಗೆ," ಅಂದೆ. ಇದೂ ಕೇಳುವ ಮಾತಾ ಅನ್ನುವ ದನಿಯಲ್ಲಿ.

"ಅದು ಕೇಳಿಸಿಕೊಂಡು ಏನ್ ಮಾಡತೈತ್ರಿ?"

ನಾನು ಬಾಯಿ ತೆರೆದೆ. ಉತ್ತರ ಇರಲಿಲ್ಲ. ಹತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಎರರ್ ಬಂದರೆ ರಿಟರ್ನ್ ಮಾಡಬೇಕು ಅನ್ನುವುದು ಕೈಗೆ ಅಂಟಿಬಿಟ್ಟಿದೆ, ಚಪ್ಪಲಿ ಹೊರಗೆ ಬಿಟ್ಟ ಹಾಗೆ. ಆ ಎರರ್ ಯಾರ ಕೈಗೆ ಹೋಗುತ್ತದೆ ಅಂತ ಕೇಳಿಕೊಂಡವನಲ್ಲ.

ಇಬ್ಬರೂ ಕೂತು ಕರ್ನಲ್ ಕೋಡ್ ತೆರೆದೆವು. ನಮ್ಮ ಬೋರ್ಡಿನದು 5.15 ಆವೃತ್ತಿ. ನನ್ನದು ಪ್ಲಾಟ್‌ಫಾರ್ಮ್ ಡ್ರೈವರ್, ಅಂದರೆ ಬೋರ್ಡಿಗೇ ಅಂಟಿಕೊಂಡ ಸಾಧನದ ಡ್ರೈವರ್. ಪ್ಲಾಟ್‌ಫಾರ್ಮ್ ಡ್ರೈವರಿನ ರಿಮೂವ್ ಸೊನ್ನೆ ಬಿಟ್ಟು ಬೇರೇನಾದರೂ ಕೊಟ್ಟರೆ ಕರ್ನಲ್ ಮಾಡುವುದು ಒಂದೇ ಕೆಲಸ. ಲಾಗ್‌ನಲ್ಲಿ ಒಂದು ಸಾಲು ಬರೆಯುತ್ತದೆ. ಆ ಸಾಲಿನ ಕೊನೆಯಲ್ಲಿ ಇರುವುದು "ದಿಸ್ ವಿಲ್ ಬಿ ಇಗ್ನೋರ್ಡ್". ನೀನು ಏನೋ ಹೇಳಿದೆ, ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ, ಅಂತ. ನಮ್ಮ ಲಾಗ್ ತೆಗೆದು ನೋಡಿದರೆ ಬೋರ್ಡ್ ಬಿದ್ದ ಪ್ರತಿ ಸಲವೂ ಅದಕ್ಕಿಂತ ಮುಂಚೆ ಆ ಸಾಲು ಇತ್ತು. ಎರಡು ವಾರದಿಂದ ನಾನದನ್ನು ನೋಡಿ, ಏನೋ ಎಚ್ಚರಿಕೆ, ಇರಲಿ ಬಿಡು ಅಂತ ಕೆಳಗೆ ಸರಿದಿದ್ದೆ. ಕರ್ನಲ್ ನನ್ನ ಮಾತು ಕಡೆಗಣಿಸಿತು, ನಾನು ಕರ್ನಲ್ ಮಾತು ಕಡೆಗಣಿಸಿದೆ.

ಯೋಚಿಸಿದರೆ ಅದರ ನಡೆ ಸರಿಯಾಗಿಯೇ ಇದೆ. ರಿಮೂವ್ ಅನ್ನುವುದು ಅಪ್ಪಣೆ ಕೇಳುವುದಲ್ಲ, ಸುದ್ದಿ ಮುಟ್ಟಿಸುವುದು. ಪೆನ್‌ಡ್ರೈವ್ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡ ಮೇಲೆ ಡ್ರೈವರ್ ನಾನು ಬಿಡಲ್ಲ ಅಂದರೆ ಯಾರು ಕೇಳಬೇಕು? ಕಲ್ಯಾಣ ಮಂಟಪ ನಾಲ್ಕಕ್ಕೆ ಬಿಡಬೇಕು ಅಂದರೆ ಬಿಡಬೇಕು. ಒಂದು ಸೌಟು ಸಿಗಲಿಲ್ಲ ಅಂತ ಅಡುಗೆಯವರು ಒಲೆ ಉರಿಯುತ್ತಿದ್ದ ಹಾಗೇ ಬಿಟ್ಟು ಮನೆಗೆ ಹೋಗುವುದಿಲ್ಲ.

ನನ್ನ ಡ್ರೈವರ್ ಮಾಡಿದ್ದು ಅದನ್ನೇ. ಕಾರ್ಡ್ ಎಚ್ಚರವಿದ್ದು ಸುಳ್ಳು ಲೆಕ್ಕ ಕೊಡುತ್ತಿದ್ದಾಗ ಎಲ್ಲ ಸುಸೂತ್ರ. ನಿದ್ದೆಯಿಂದ ಏಳದೇ ಹೋದಾಗ ನನ್ನ ಕೋಡ್ ಮೈನಸ್ 110 ಅಂತ ಹೇಳಿ ಎದ್ದು ನಡೆಯುತ್ತಿತ್ತು. ಕಾದೆ, ಬರಲಿಲ್ಲ ಅಂತ ಅದರ ಅರ್ಥ. ಟೈಮರ್ ನಿಲ್ಲಿಸುವ ಸಾಲು ಅದರ ಕೆಳಗಿತ್ತು. ಕ್ಲಾಕ್ ಆರಿಸುವ ಸಾಲು ಇನ್ನೂ ಕೆಳಗೆ. ಎರಡೂ ನಡೆಯುತ್ತಲೇ ಇರಲಿಲ್ಲ. ಮೆಮೊರಿಯನ್ನು ಮಾತ್ರ ನಾನು ಡೆವ್‌ಎಂ ಬಳಸಿ ತಗೊಂಡಿದ್ದೆ. 2007ರಲ್ಲಿ ಟೆಜುನ್ ಹಿಯೋ ಕರ್ನಲ್‌ಗೆ ತಂದ ಒಳ್ಳೆಯ ಏರ್ಪಾಟು ಅದು. ಡ್ರೈವರ್ ಹೋದ ಮೇಲೆ ಅದು ತಗೊಂಡಿದ್ದನ್ನೆಲ್ಲ ಕರ್ನಲ್ ತಾನೇ ಹಿಂದಿನಿಂದ ಮುಂದಕ್ಕೆ ಬಿಡಿಸಿಕೊಳ್ಳುತ್ತದೆ. ರಿಮೂವ್ ಏನೇ ಹೇಳಿರಲಿ. ಹಾಗಾಗಿ ಮೆಮೊರಿ ಹೋಯಿತು, ಡ್ರೈವರಿನ ಕೋಡೂ ಹೋಯಿತು, 5 ಸೆಕೆಂಡಿಗೊಮ್ಮೆ ಹೊಡೆಯುವ ಟೈಮರ್ ಒಂದೇ ಉಳಿಯಿತು. ಸ್ಕ್ರಿಪ್ಟ್ 2 ಸೆಕೆಂಡ್ ಬಿಟ್ಟು ಹೊಸ ಡ್ರೈವರ್ ಏರಿಸುತ್ತಿತ್ತು. ಅದರ ಬೆನ್ನಿಗೇ ಹಳೆಯ ಟೈಮರಿನ ಹೊತ್ತಾಗಿ, ಅದು ಯಾರೂ ಇಲ್ಲದ ಮನೆಯ ಬಾಗಿಲು ಬಡಿಯುತ್ತಿತ್ತು. ಬೋರ್ಡ್ ಅಲ್ಲೇ ಠಣ್.

ಇದು ನನ್ನೊಬ್ಬನ ಪೆದ್ದುತನ ಅಲ್ಲ ಅಂತ ಆಮೇಲೆ ಗೊತ್ತಾಗಿ ಸ್ವಲ್ಪ ಸಮಾಧಾನ ಆಯಿತು. ಈ ಫಂಕ್ಷನ್ ಇಂಟ್, ಅಂದರೆ ಒಂದು ಸಂಖ್ಯೆ, ವಾಪಸ್ ಕೊಡಬೇಕು ಅಂತ ಇದ್ದುದೇ ಬಲೆ. ಇಂಟ್ ಕೇಳಿದರೆ ಯಾರಾದರೂ ಅದಕ್ಕೆ ಅರ್ಥ ಇದೆ ಅಂದುಕೊಳ್ಳುತ್ತಾರೆ. ಜರ್ಮನಿಯ ಉವೆ ಕ್ಲೈನೆ-ಕ್ಯೋನಿಗ್ ವರ್ಷಗಟ್ಟಲೆ ಕೂತು ಇದನ್ನು ಕಿತ್ತು ಹಾಕಿದರು. 2021ರ 5.15ರಲ್ಲಿ ಬಸ್ (ಸಾಧನಗಳನ್ನು ಜೋಡಿಸುವ ಹಾದಿ) ಮಟ್ಟದ ರಿಮೂವ್ ವಾಯ್ಡ್ ಆಯಿತು, ಅಂದರೆ ಏನನ್ನೂ ವಾಪಸ್ ಕೊಡದ ಹಾಗಾಯಿತು. 6.1ರಲ್ಲಿ ಐಟೂಸಿ ಅನ್ನುವ ಎರಡು ತಂತಿಯ ಜೋಡಣೆಯ ಡ್ರೈವರುಗಳದ್ದು. ಪ್ಲಾಟ್‌ಫಾರ್ಮ್ ಡ್ರೈವರುಗಳು ಲೆಕ್ಕವಿಲ್ಲದಷ್ಟಿದ್ದವು. ಅದಕ್ಕೆ 2023ರ 6.3ರಲ್ಲಿ ರಿಮೂವ್ ನ್ಯೂ ಅಂತ ಪಕ್ಕದಲ್ಲೊಂದು ಬಾಗಿಲು ಇಟ್ಟು, ಒಂದೊಂದೇ ಡ್ರೈವರನ್ನು ಆ ಕಡೆ ದಾಟಿಸಿ, 2024ರ 6.11ರಲ್ಲಿ ಹಳೆಯ ಬಾಗಿಲನ್ನೇ ವಾಯ್ಡ್ ಮಾಡಿದರು. ಅಂದರೆ ಈಗ ರಿಟರ್ನ್ ಮಾಡಲು ಏನೂ ಇಲ್ಲ. ಹೊಗಳಿಕೆ ಸಿಗದ ಕೆಲಸ ಅದು. ಒಂದು ಹೊಸ ಸೌಲಭ್ಯ ಇಲ್ಲ, ಒಂದು ಚೂರು ವೇಗ ಇಲ್ಲ. ಇಂಥವರಿಗೆ ನಾನು ಧಾರವಾಡ ಪೇಡೆ ಕಳಿಸಬೇಕು.

ನಮ್ಮ ರಿಪೇರಿ ಸಣ್ಣದು. ಕಾರ್ಡ್ ಏಳದಿದ್ದರೆ ಒಂದು ಸಾಲು ಲಾಗ್ ಬರೆ. ಕಾರ್ಡಿನ ರಿಜಿಸ್ಟರ್, ಅಂದರೆ ಅದರೊಳಗಿನ ಸಣ್ಣ ಮಾಹಿತಿ ಗೂಡು, ಮುಟ್ಟುವ ಎರಡು ಸಾಲನ್ನಷ್ಟೇ ಬಿಡು. ಉಳಿದಿದ್ದನ್ನೆಲ್ಲ ಮಾಡು. ಹುಡುಗಿ ಅಲ್ಲೂ ಒಂದು ಹಿಡಿದಳು. ಟೈಮರ್ ಒಂದು ಕೆಲಸವನ್ನು ಸರದಿಗೆ ಹಾಕುತ್ತದೆ, ಆ ಕೆಲಸ ಮುಗಿಯುವಾಗ ಟೈಮರನ್ನು ಮತ್ತೆ ಇಡುತ್ತದೆ. ಯಾವುದನ್ನು ಮೊದಲು ನಿಲ್ಲಿಸಿದರೂ ಇನ್ನೊಂದು ಅದನ್ನು ಎಬ್ಬಿಸಬಹುದು. 6.2ರಲ್ಲಿ ಬಂದ ಟೈಮರ್ ಶಟ್‌ಡೌನ್ ಇದಕ್ಕೇ ಇರುವುದು. ನಿಲ್ಲಿಸಿದ ಮೇಲೆ ಮತ್ತೆ ಇಡಲು ಬಿಡುವುದಿಲ್ಲ. ನಾವು ಸದ್ಯಕ್ಕೆ ಹೊರಟಿದ್ದೇನೆ ಅಂತ ಹೇಳುವ ಒಂದು ಫ್ಲ್ಯಾಗ್ ಇಟ್ಟೆವು. ಅದು ಎದ್ದಿದ್ದರೆ ಟೈಮರ್ ಇಡಬೇಡ. ಬುಧವಾರ ಇಡೀ ದಿನ ಕಾರ್ಡಿನ ವೈರ್ ಕಿತ್ತು ಡ್ರೈವರ್ ಇಳಿಸಿ ಏರಿಸಿ ನೋಡಿದೆವು. ಬೋರ್ಡ್ ಬೀಳಲಿಲ್ಲ.

ಆಫೀಸಿನ ಮಟ್ಟಿಗೆ ಕತೆ ಅಲ್ಲಿಗೆ ಮುಗಿಯಿತು. ಬುಧವಾರ ಸಂಜೆ ಬಸ್ಸು ಉಣಕಲ್ ಕೆರೆ ದಾಟುವಾಗ ಆ ಪ್ರಶ್ನೆ ಬೇರೆ ದಾರಿ ಹಿಡಿಯಿತು.

ಅಪ್ಪ ಹೋಗಿ ಒಂದೂವರೆ ವರ್ಷ. ಸಣ್ಣ ಕಿರಾಣಿ ಅಂಗಡಿ ಇತ್ತು. ಬಾಗಿಲು ಹಾಕಿದ್ದೇವೆ, ಮುಗಿಸಿಲ್ಲ. ಹದಿಮೂರು ದಿನ ಕಳೆದ ಮೇಲೆ ಅವರ ಹೆಸರಿನಲ್ಲಿ ಇರುವುದನ್ನೆಲ್ಲ ಒಂದು ಕಡೆಯಿಂದ ಮುಗಿಸಬೇಕು ಅಂತ ಫೈಲ್ ಮಾಡಿಕೊಂಡು ಹೊರಟಿದ್ದೆ. ಮೊದಲು ಹೋದದ್ದು ಅಂಗಡಿಯ ಖಾತೆ ಇದ್ದ ಬ್ಯಾಂಕಿಗೆ. ಅಲ್ಲಿ ಒಂದು ಕಾಗದ ಕಡಿಮೆ ಬಿತ್ತು. ಕೌಂಟರಿನಲ್ಲಿದ್ದವರು ಸೌಮ್ಯವಾಗಿಯೇ ಹೇಳಿದರು, ಅದನ್ನು ಮಾಡಿಸಿಕೊಂಡು ಬನ್ನಿ ಅಂತ. ನಾನು ಮನೆಗೆ ಬಂದೆ. ಬ್ಯಾಂಕಿನ ಕೆಲಸ ಆಗಲಿಲ್ಲ ಅಂತ ಅವ್ವಗೆ ಹೇಳಿದೆ. ಫೈಲ್ ಟ್ರೆಜರಿ ಕಪಾಟಿನ ಮೇಲೆ ಇಟ್ಟೆ. ಅದು ಇವತ್ತಿಗೂ ಅಲ್ಲೇ ಇದೆ.

ಬ್ಯಾಂಕಿಗೂ ಅಂಗಡಿಯ ಕರೆಂಟ್ ಮೀಟರಿಗೂ ಏನು ಸಂಬಂಧ? ಏನೂ ಇಲ್ಲ. ಆದರೂ ಬಲ್ಬೂ ಉರಿಯದ ಅಂಗಡಿಗೆ ತಿಂಗಳಾ ಬಿಲ್ ಕಟ್ಟುತ್ತಿದ್ದೇನೆ. ಸ್ಕೂಟರ್ ಅವರ ಹೆಸರಿನಲ್ಲೇ ಇದೆ. ಪೇಪರ್ ಹಾಕುವ ಹುಡುಗ ದಿನಾ ಎರಡು ಪೇಪರ್ ಎಸೆಯುತ್ತಾನೆ, ಒಂದು ಮನೆಗೆ, ಇನ್ನೊಂದು ಅಪ್ಪ ಅಂಗಡಿಗೆ ಒಯ್ಯುತ್ತಿದ್ದುದು. ಫೋನಿಗೆ ಪ್ರತಿ ಸಲ ರೀಚಾರ್ಜ್ ಮಾಡುತ್ತೇನೆ. ಕೇಳಿದವರಿಗೆಲ್ಲ ನನ್ನ ಬಳಿ ಉತ್ತರ ರೆಡಿ ಇತ್ತು: ಬ್ಯಾಂಕಿನದು ಒಂದು ಆಗಿಲ್ಲ ನೋಡ್ರಿ, ಅದಕ್ಕ ಎಲ್ಲಾ ನಿಂತೈತಿ. ಅಕ್ಕನಿಗೆ ಹೇಳಿದೆ, ಕಾಕಾಗೆ ಹೇಳಿದೆ. ಅವರೂ ಹೌದಪ್ಪ ಅಂದರು. ಅವರು ಕೇಳಿಸಿಕೊಂಡು ಮಾಡುವುದಾದರೂ ಏನು?

ಯಾರಿಗ್ರೀ?

ಗುರುವಾರ ರಾತ್ರಿ ಉತ್ಸಾಹ ಬಂದು ಅವ್ವಗೆ ಅಂದೆ, ನಾಳೆನೇ ಅಪ್ಪನ ಸಿಮ್ ಬಂದ್ ಮಾಡಿಸ್ತೀನಿ, ಅದು ಸುಲಭ. ಅವ್ವ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಿದಳು.

"ಗ್ಯಾಸ್ ಬುಕ್ ಆಗೂದು ಆ ನಂಬರಿಗೇ ಐತಿ. ಅದನ್ನ ಬಂದ್ ಮಾಡಿದ್ರ ನಿನಗ ಅಡಗಿ ಹೆಂಗ ಮಾಡ್ಲೋ ತಮ್ಮಾ?"

ನಗು ಬಂತು. ಹಿಂದಿನ ದಿನವಷ್ಟೇ ಹುಡುಗಿಗೆ ಇದೇ ಪಾಠ ಹೇಳಿದ್ದೆ. ಕ್ಲಾಕ್ ಮೊದಲು ಆರಿಸಿದರೆ ರಿಜಿಸ್ಟರ್ ಮುಟ್ಟಲು ಆಗುವುದಿಲ್ಲ, ಮೊದಲು ಬಂದಿದ್ದು ಕೊನೆಗೆ ಹೋಗಬೇಕು ಅಂತ. ಸಿಮ್ ಎಲ್ಲಕ್ಕಿಂತ ಕೊನೆಗೆ ಹೋಗಬೇಕಾದದ್ದು. ಬ್ಯಾಂಕಿನ ಓಟಿಪಿ ಕೂಡ ಅದಕ್ಕೇ ಬರುತ್ತದೆ. ಹೆಚ್ಚು ಓದದ ಅವ್ವಗೆ ಗೊತ್ತಿರುವ ಕ್ರಮ ನನಗೆ ಮನೆಯಲ್ಲಿ ಹೊಳೆಯಲಿಲ್ಲ.

ಇವತ್ತು ಮಧ್ಯಾಹ್ನ ಕುರ್ಚಿ ಹಾಕಿ ಫೈಲ್ ಇಳಿಸಿದೆ. ಧೂಳು ಒರೆಸಿ, ಹಳೆಯ ಕ್ಯಾಲೆಂಡರಿನ ಹಿಂದೆ ಬರೆದೆ. ಪೇಪರ್ ಎರಡನೆಯದು. ಗ್ಯಾಸ್, ಅವ್ವನ ಹೆಸರಿಗೆ. ಅಂಗಡಿ ಮೀಟರ್. ಸ್ಕೂಟರ್. ಬ್ಯಾಂಕ್, ಆಗಲಿ ಬಿಡಲಿ. ಕೊನೆಗೆ ಸಿಮ್.

ಅವ್ವ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಒಂದೊಂದೇ ಸಾಲು ಕೂಡಿಸಿ ಓದಿದಳು. ಬೆರಳು ನಾಲ್ಕನೆಯ ಸಾಲಿನಲ್ಲಿ ನಿಂತಿತು.

"ಸ್ಕೂಟರ್ ಯಾಕ ಬರದಿ?"

ಪೆನ್ನು ಇಸಿದುಕೊಂಡು ಆ ಸಾಲನ್ನು ಹೊಡೆದು ಹಾಕಿ, ಚಹಾಕ್ಕೆ ಇಡಲು ಒಳಗೆ ಹೋದಳು.