ಮರ ಎಡಕ್ಕೋ, ಬಲಕ್ಕೋ?

ಗೆಳೆಯನ ಮಗ ಕತ್ತರಿ ಹಿಡಿದು ಕೂತಿದ್ದ. ಅವನ ಮುಂದೆ ಹಳೆಯ ಲಕೋಟೆಗಳ ಒಂದು ಕಟ್ಟು. ಅಂಚೆಚೀಟಿ ಸಂಗ್ರಹಿಸುವ ಹುಡುಗ ಅವನು. ಮುತ್ತಜ್ಜನ ಕಾಲದ ಟ್ರಂಕು ತೆರೆದ ದಿನ ಅವನಿಗೆ ಹಬ್ಬ. "ಸ್ವಲ್ಪ ತಾಳಪ್ಪ, ಕತ್ತರಿಸಬೇಡ" ಅಂದೆ. ಅವನು ಮುಖ ನೋಡಿದ. ಒಂದು ಲಕೋಟೆ ತೆಗೆದುಕೊಂಡು ಒಳಗಿನ ಕಾಗದ ಬಿಡಿಸಿ ತೋರಿಸಿದೆ. ಕಾಗದದ ಮೇಲೆ "ಸೋಮವಾರ" ಅಂತ ಮಾತ್ರ ಬರೆದಿತ್ತು. ತಾರೀಖಿಲ್ಲ, ಇಸವಿಯಿಲ್ಲ. ಅವೆರಡೂ ಇದ್ದದ್ದು ಅಂಚೆಚೀಟಿಯ ಮೇಲೆ ಬಿದ್ದ ಮುದ್ರೆಯಲ್ಲಿ. ಚೀಟಿ ಕತ್ತರಿಸಿದರೆ ಮುದ್ರೆ ಅರ್ಧ ಹೋಗುತ್ತದೆ. ಆಮೇಲೆ ಆ ಪತ್ರ ಯಾವ ಕಾಲದ್ದು ಅಂತ ಹೇಳುವವರೇ ಇರುವುದಿಲ್ಲ.

ಹುಡುಗ ಜಾಣ. ಕತ್ತರಿ ಕೆಳಗಿಟ್ಟು, ಭೂತಗನ್ನಡಿ ತಂದು ಮುದ್ರೆಗಳನ್ನು ಓದಲು ಶುರು ಮಾಡಿದ. ಪತ್ರ ಹೊರಟ ಊರಿನ ಮುದ್ರೆ ಮುಂದೆ, ಬಂದು ಸೇರಿದ ಊರಿನದು ಹಿಂದೆ. ಎರಡರ ನಡುವೆ ಪತ್ರಕ್ಕೆ ಎಷ್ಟು ದಿನ ಹಿಡಿಯಿತು ಅನ್ನುವುದೂ ಸಿಕ್ಕಿತು.

ಗೆಳೆಯನ ಹಳೆಯ ಮನೆ ಕೆಡವಬೇಕಿತ್ತು. ಅದಕ್ಕೆ ಮೊದಲು ಸಾಮಾನು ಖಾಲಿ ಮಾಡಲು ಎಲ್ಲರೂ ಸೇರಿದ್ದರು. ಇಂಥ ಕಾಗದಪತ್ರ ಕಂಡರೆ ನನಗೆ ಹುಚ್ಚು ಅಂತ ಗೊತ್ತಿದ್ದ ಗೆಳೆಯ ನನ್ನನ್ನೂ ಕರೆದಿದ್ದ. ಟ್ರಂಕಿನಲ್ಲಿ ದಾರದಿಂದ ಕಟ್ಟಿದ ಪತ್ರಗಳಿದ್ದವು. ಬಟ್ಟೆಗೆ ಅಂಟಿಸಿ ಮಡಚಿಟ್ಟ ಕೈಬರಹದ ಒಂದು ನಕ್ಷೆ ಇತ್ತು. ಕಪ್ಪು ಹಾಳೆಯ ಆಲ್ಬಮ್ಮಿನ ಜೊತೆ ಒಂದಷ್ಟು ಬಿಡಿ ಫೋಟೋಗಳೂ ಇದ್ದವು. ಮನೆಯವರು ಆಗಲೇ ಪಾಲು ಮಾಡಿಕೊಂಡಿದ್ದರು. ನಕ್ಷೆಗೆ ಚೌಕಟ್ಟು ಹಾಕಿಸಿ ಗೋಡೆಗೆ ಹಾಕುವುದು, ಚೆಂದದ ಫೋಟೋಗಳು ಅಣ್ಣತಮ್ಮಂದಿರಿಗೆ ಒಂದೊಂದು, ಚೀಟಿಗಳು ಹುಡುಗನಿಗೆ. ಉಳಿದ ಪತ್ರ ಯಾರಿಗೂ ಬೇಡ.

ಯಾರಲ್ಲೂ ಕೆಟ್ಟ ಮನಸ್ಸಿಲ್ಲ. ಎಲ್ಲರಿಗೂ ಹಿರಿಯರ ನೆನಪಿಗೆ ಏನಾದರೂ ಬೇಕು, ಅಷ್ಟೇ. ಆದರೆ ಊರಿನ ಚರಿತ್ರೆ ಹಾಳಾಗುವುದು ಬೆಂಕಿ, ಗೆದ್ದಲಿನಿಂದ ಮಾತ್ರ ಅಲ್ಲ. ಹೀಗೆ ಪ್ರೀತಿಯಿಂದ ಹಂಚಿಕೊಳ್ಳುವುದರಿಂದಲೂ ಹಾಳಾಗುತ್ತದೆ. ಜೊತೆಯಲ್ಲಿ ಸಿಕ್ಕಿದ್ದು ಜೊತೆಯಲ್ಲೇ ಇರಬೇಕು. ದಾಖಲೆಗಳನ್ನು ಕಾಯುವವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡರು. 1841ರಲ್ಲಿ ಫ್ರಾನ್ಸ್ ಸರ್ಕಾರ ತನ್ನ ದಾಖಲೆ ಭಂಡಾರಗಳಿಗೆ ಒಂದು ಸುತ್ತೋಲೆ ಕಳಿಸಿತು. ಒಂದು ಕಚೇರಿಯಿಂದಲೋ ಒಂದು ಮನೆತನದಿಂದಲೋ ಬಂದ ಕಾಗದಗಳನ್ನು ಒಟ್ಟಿಗೇ ಇಡಿ, ಬೇರೆಯವರ ಕಾಗದದ ಜೊತೆ ಕಲಸಬೇಡಿ ಅನ್ನುವುದು ಅದರ ತಿರುಳು. ಇವತ್ತಿಗೂ ಜಗತ್ತಿನ ಭಂಡಾರಗಳು ನಡೆಯುವುದು ಹೆಚ್ಚುಕಡಿಮೆ ಇದೇ ದಾರಿಯಲ್ಲಿ.

"ಒಂದು ದಿನ ಕೊಡಿ. ಎಲ್ಲದಕ್ಕೂ ಪಟ್ಟಿ ಮಾಡಿ, ಫೋಟೋ ತೆಗೆಯೋಣ. ಆಮೇಲೆ ನಿಮ್ಮಿಷ್ಟ" ಅಂತ ಕೇಳಿಕೊಂಡೆ. ಗೆಳೆಯನ ಅಜ್ಜಿ ಮೂಲೆಯ ಕುರ್ಚಿಯಿಂದಲೇ "ಆಗಲಿ ಬಿಡ್ರಪ್ಪ, ಇಷ್ಟು ವರ್ಷ ಇದ್ದದ್ದು ಇನ್ನೊಂದು ದಿನ ಇರುತ್ತೆ" ಅಂದರು. ಅಲ್ಲಿಗೆ ಇತ್ಯರ್ಥವಾಯಿತು.

ಟ್ರಂಕಿನಲ್ಲಿ ಯಾವುದು ಮೇಲಿತ್ತು, ಯಾವುದು ಅದರಡಿ ಇತ್ತು ಅನ್ನುವುದನ್ನು ಮೊದಲು ಬರೆದುಕೊಂಡೆವು. ಆಮೇಲೆ ಒಂದೊಂದಕ್ಕೂ ಒಂದು ಸಂಖ್ಯೆ. ಫೋಟೋದ ಹಿಂಬದಿಯಲ್ಲಿ, ಅಂಚಿನ ಹತ್ತಿರ, ಮೆತ್ತಗಿನ ಪೆನ್ಸಿಲಿನಲ್ಲಿ ಹಗುರವಾಗಿ ಬರೆಯಬೇಕು. ಪೆನ್ನು ಬೇಡವೇ ಬೇಡ. ಶಾಯಿ ಮುಂಬದಿಗೆ ಇಳಿಯುತ್ತದೆ, ಒತ್ತಿ ಬರೆದರೆ ಅಚ್ಚು ಮೂಡುತ್ತದೆ. ಫೋಟೋ ಮುಟ್ಟಲು ಕೈಗವಸು ಹಾಕಿಕೊಂಡೆವು, ಬೆರಳಿನ ಜಿಡ್ಡು ಅದಕ್ಕೆ ಆಗುವುದಿಲ್ಲ. ಪತ್ರಗಳಿಗೆ ಮಾತ್ರ ತೊಳೆದು ಒರೆಸಿಕೊಂಡ ಬರಿಗೈಯೇ ವಾಸಿ. ಕೈಗವಸು ಹಾಕಿಕೊಂಡರೆ ಬೆರಳಿಗೆ ಅಂದಾಜು ಸಿಗದೆ, ಹಳೇ ಕಾಗದದ ಅಂಚು ಪಟ್ಟನೆ ಹರಿಯುತ್ತದೆ.

ಕೆಲವು ಪತ್ರ ಎಷ್ಟು ಒಣಗಿದ್ದವೆಂದರೆ ಮಡಿಕೆಯಲ್ಲೇ ತುಂಡಾಗಿದ್ದವು. ವಿಚಿತ್ರ ಅಂದರೆ ಎಲ್ಲಕ್ಕಿಂತ ಹಳೆಯವು ಗಟ್ಟಿಯಾಗಿದ್ದವು, ಆಮೇಲಿನವು ಪುಡಿಪುಡಿ. ಮೊದಲೆಲ್ಲ ಚಿಂದಿಬಟ್ಟೆಯಿಂದ ಕಾಗದ ಮಾಡುತ್ತಿದ್ದರು. 19ನೇ ಶತಮಾನದ ನಡುವಿನಿಂದ ಮರದ ತಿರುಳು ಬಳಕೆಗೆ ಬಂತು. ಅಗ್ಗವಾಯಿತು ನಿಜ, ಆದರೆ ಅಂಥ ಕಾಗದದಲ್ಲಿ ಉಳಿದ ಆಮ್ಲ ವರ್ಷ ಕಳೆದಂತೆ ಅದನ್ನೇ ತಿನ್ನುತ್ತದೆ. ಪತ್ರಗಳ ನಡುವೆ ಯಾರೋ ದಿನಪತ್ರಿಕೆಯ ತುಣುಕೊಂದನ್ನು ಮಡಚಿಟ್ಟಿದ್ದರು. ಅದು ತಾಗಿಕೊಂಡಿದ್ದ ಎರಡೂ ಪತ್ರದ ಮೇಲೆ ಅದೇ ಅಳತೆಯ ಕಂದು ಚೌಕ ಬಿದ್ದಿತ್ತು. ತುಣುಕನ್ನು ಬೇರೆ ಲಕೋಟೆಗೆ ಹಾಕಿ, ಎಲ್ಲಿ ಸಿಕ್ಕಿತು ಅಂತ ಮೇಲೆ ಬರೆದೆವು.

ಇನ್ನೊಂದು ಪತ್ರಕ್ಕೆ ಪಾರದರ್ಶಕ ಟೇಪು ಅಂಟಿಸಿದ್ದರು. ಈ ಟೇಪು ಬಂದದ್ದು 1930ರಲ್ಲಿ. ಅಲ್ಲಿಂದೀಚೆಗೆ ಅದರಿಂದ ಹಾಳಾದ ಕಾಗದಕ್ಕೆ ಲೆಕ್ಕವಿಲ್ಲ ಅನ್ನಿಸುತ್ತದೆ. ಟೇಪು ಉದುರಿಹೋಗಿತ್ತು, ಅಂಟು ಮಾತ್ರ ಹಳದಿ ಪಟ್ಟಿಯಾಗಿ ಕಾಗದದೊಳಗೆ ಇಳಿದಿತ್ತು. ಅದರಡಿಯ ಅಕ್ಷರ ಓದಲು ಆಗಲಿಲ್ಲ. ದಯವಿಟ್ಟು ಹಳೇ ಕಾಗದಕ್ಕೆ ಟೇಪು ಹಾಕಬೇಡಿ. ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು, ಒಮ್ಮೆ ಮಾಡಿಸಿದರೆ ಬಿಡಿಸುವ ದಾರಿಯೇ ಇಲ್ಲ. ಹರಿದ ಕಾಗದವನ್ನು ಹರಿದ ಹಾಗೇ ಮಡಚಿದ ಹಾಳೆಯೊಳಗೆ ಇಟ್ಟರೂ ಸಾಕು.

ಮಧ್ಯಾಹ್ನದ ಹೊತ್ತಿಗೆ ಒಂದು ಫೋಟೋ ಎಲ್ಲರ ಕೈ ದಾಟಿ ನನ್ನ ಹತ್ತಿರ ಬಂತು. ಹೊಳೆದಂಡೆಯ ಕಲ್ಲಿನ ಮೆಟ್ಟಿಲು. ಅದರ ಮೇಲೆ ದೊಡ್ಡವರು, ಮಕ್ಕಳು ಸಾಲಾಗಿ ನಿಂತಿದ್ದಾರೆ. ಪಕ್ಕದಲ್ಲಿ ಒಂದು ದೊಡ್ಡ ಮರ. ಅಂಚುಗಳಲ್ಲಿ ಫೋಟೋದೊಳಗಿನ ಬೆಳ್ಳಿ ಮೇಲೆದ್ದು ನೀಲಿ ಹೊಳಪು ಬಂದಿತ್ತು. ಹಿಂಬದಿಯಲ್ಲಿ ಏನೂ ಬರೆದಿಲ್ಲ. ಎಲ್ಲಿಯದು, ಯಾವಾಗಿನದು, ಯಾರು ಯಾರು, ಯಾರಿಗೂ ಗೊತ್ತಿಲ್ಲ. ಊರಿನ ಹೊಳೆದಂಡೆಯಲ್ಲಿ ಈಗ ಇಂಥ ಮೆಟ್ಟಿಲೂ ಇಲ್ಲ, ಮರವೂ ಇಲ್ಲ.

ನಕ್ಷೆ ಬಿಡಿಸಿ ನೆಲದ ಮೇಲೆ ಹರಡಿದೆವು. ಗೆಳೆಯನ ಮುತ್ತಜ್ಜ ಜಮೀನು ಅಳೆಯುವ ಕೆಲಸದಲ್ಲಿದ್ದರಂತೆ. ಎಂಥ ಅಚ್ಚುಕಟ್ಟು ಕೈ! ದಾರಿಗೆ ಒಂಟಿಗೆರೆ, ಹೊಳೆಗೆ ನೀಲಿ, ಮೂಲೆಯಲ್ಲಿ ಉತ್ತರ ತೋರುವ ಬಾಣ, ಕೆಳಗೆ ಅಳತೆಯ ಪಟ್ಟಿ. ಹೊಳೆಯ ಪಶ್ಚಿಮಕ್ಕೆ, ಊರಿನ ಕಡೆಯ ದಂಡೆಯಲ್ಲಿ, ಏಣಿಯ ಹಾಗೆ ನಾಲ್ಕು ಗೀಟು, ಅಲ್ಲಿಂದ ಆಚೆ ದಂಡೆಗೆ ಚುಕ್ಕಿಗಳ ಸಾಲು. ಪಕ್ಕದಲ್ಲಿ ಸಣ್ಣಗೆ "ದೋಣಿ" ಅಂತ ಬರೆದಿತ್ತು. ಗೀಟುಗಳ ಉತ್ತರಕ್ಕೆ ಒಂದು ಮರದ ಗುರುತು.

ಅಲ್ಲಿ ದೋಣಿ ದಾಟುತ್ತಿದ್ದರು ಅಂತ ಆ ಕೋಣೆಯಲ್ಲಿ ಅಜ್ಜಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವರಿಗೂ ಕೇಳಿ ಗೊತ್ತೇ ಹೊರತು ಕಂಡು ಗೊತ್ತಿಲ್ಲ.

ಹುಡುಗ ನಕ್ಷೆಯನ್ನೂ ಫೋಟೋವನ್ನೂ ಅಕ್ಕಪಕ್ಕ ಹಿಡಿದು, "ತಪ್ಪಿದೆ ಅಂಕಲ್" ಅಂದ. ನಕ್ಷೆಯ ಪ್ರಕಾರ ಊರಿನ ಕಡೆಯಿಂದ ಹೊಳೆ ನೋಡಿದರೆ ಮರ ಮೆಟ್ಟಿಲಿನ ಎಡಕ್ಕೆ ಬರಬೇಕು. ಫೋಟೋದಲ್ಲಿ ಬಲಕ್ಕಿದೆ. ಹಾಗಾದರೆ ಇದು ಬೇರೆ ಜಾಗವೇ? ಅಥವಾ ಫೋಟೋ ತಿರುವುಮುರುವಾಗಿದೆಯೇ? ಗಾಜಿನ ನೆಗೆಟಿವ್ ಹಿಂದುಮುಂದಾದರೆ ಎಡ ಬಲವಾಗಿ ಅಚ್ಚಾಗುವುದುಂಟು. 1839ರಲ್ಲಿ ಬಂದ, ಲೋಹದ ತಗಡಿನ ಮೇಲೆ ಮೂಡಿಸುತ್ತಿದ್ದ ಡಾಗೆರೋಟೈಪ್ ಫೋಟೋಗಳಂತೂ ಸಾಮಾನ್ಯವಾಗಿ ಕನ್ನಡಿಯ ಬಿಂಬದ ಹಾಗೆ ಉಲ್ಟಾ ಇರುತ್ತಿದ್ದವು. ಭೂತಗನ್ನಡಿ ಇಟ್ಟು ಸಾಲಿನಲ್ಲಿದ್ದ ಕೋಟು ಹಾಕಿದವರನ್ನು ನೋಡಿದೆವು. ಕೋಟಿನ ಎಡಮಗ್ಗುಲು ಬಲಮಗ್ಗುಲಿನ ಮೇಲೆ ಬಂದಿತ್ತು. ಗಂಡಸರ ಕೋಟು ಇರುವುದೇ ಹಾಗೆ. ಅಂದರೆ ಫೋಟೋ ಸರಿಯಾಗಿಯೇ ಇದೆ.

ಉಳಿದದ್ದು ಒಂದೇ. ಕ್ಯಾಮೆರಾ ಇದ್ದದ್ದು ಊರಿನ ಕಡೆ ಅಲ್ಲ, ಹೊಳೆಯ ಕಡೆ. ಅಲ್ಲಿಂದ ಪಶ್ಚಿಮಕ್ಕೆ ನೋಡಿದರೆ ಉತ್ತರದ ಮರ ಬಲಕ್ಕೇ ಬರುತ್ತದೆ. ಆದರೆ ನಡುನೀರಿನಲ್ಲಿ ನಿಂತು ಫೋಟೋ ತೆಗೆಯುವುದು ಹೇಗೆ? ಅಲುಗಾಡುವ ದೋಣಿಯಲ್ಲಿ ಇಷ್ಟು ಸ್ಪಷ್ಟವಾಗಿ ಬರುವುದು ಕಷ್ಟ.

ಉತ್ತರ ಇದ್ದದ್ದು ಯಾರಿಗೂ ಬೇಡದ ಪತ್ರಗಳಲ್ಲಿ. ಗೆಳೆಯನ ಹೆಂಡತಿ ಒಂದು ಕಡೆಯಿಂದ ಓದುತ್ತಾ ಬಂದವರು ತಟ್ಟನೆ ನಿಂತು, "ಇಲ್ಲಿ ನೋಡಿ" ಅಂದರು. ಮುತ್ತಜ್ಜ ದೂರದಲ್ಲಿದ್ದ ತಮ್ಮನಿಗೆ ಬರೆದು, ಅವರು ವಾಪಸು ತಂದಿಟ್ಟ ಪತ್ರ. ಹೊಸ ಸೇತುವೆ ಏಳುತ್ತಿದೆ, ದೋಣಿ ಇನ್ನು ನಿಲ್ಲುತ್ತದೆ, ಅದಕ್ಕೆ ಎಲ್ಲರೂ ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಂಡೆವು. ಫೋಟೋದವರು ಬೆಳಿಗ್ಗೆಯೇ ಬಂದು, ಹೊಳೆಯಲ್ಲಿ ಅರ್ಧ ಎದ್ದ ಸೇತುವೆಯ ಕಂಬದ ಕಟ್ಟೆಯ ಮೇಲೆ ಸ್ಟ್ಯಾಂಡು ಹೂಡಿದರು. ಎರಡು ಪ್ರತಿ ಮಾಡಿಸಿ, ಒಂದನ್ನು ದೋಣಿಯವರಿಗೆ ಕೊಟ್ಟಿದ್ದೇವೆ. ಇಷ್ಟೂ ಆ ಪತ್ರದಲ್ಲಿತ್ತು.

ಫೋಟೋ ಮತ್ತೆ ನೋಡಿದೆವು. ಪೂರ್ವಕ್ಕೆ ಮುಖ ಮಾಡಿ ನಿಂತ ಅಷ್ಟೂ ಜನರ ಮುಖದ ಮೇಲೆ ನೇರ ಬಿಸಿಲು. ಮಕ್ಕಳು ಕಣ್ಣು ಕಿರಿದು ಮಾಡಿಕೊಂಡಿದ್ದಾರೆ. ಬೆಳಗಿನ ಹೊತ್ತೇ! ಆ ಪತ್ರದಲ್ಲೂ ತಾರೀಖಿರಲಿಲ್ಲ. ಹುಡುಗ ಲಕೋಟೆ ತಿರುಗಿಸಿ ಮುದ್ರೆ ಓದಿದ. ದಿನ, ತಿಂಗಳು, ಇಸವಿ ಮೂರೂ ಸಿಕ್ಕವು. ನನಗೆ ಗಂಟಲು ಕಟ್ಟಿತು. ಬರೀ ಫೋಟೋ ಆಗಿದ್ದರೆ ಅದು ಯಾರೋ ಯಾವುದೋ ಮೆಟ್ಟಿಲ ಮೇಲೆ ನಿಂತದ್ದು. ಬರೀ ನಕ್ಷೆ ಆಗಿದ್ದರೆ ನಾಲ್ಕು ಗೀಟು. ಹಂಚಿಕೊಂಡು ಬೇರೆ ಬೇರೆ ಮನೆಗೆ ಹೋಗಿದ್ದರೆ ಇವು ಒಂದನ್ನೊಂದು ಮತ್ತೆ ನೋಡುತ್ತಲೇ ಇರಲಿಲ್ಲ.

ಅಜ್ಜಿ ಫೋಟೋವನ್ನು ಹತ್ತಿರ ತರಿಸಿಕೊಂಡರು. ಮೊದಲ ಸಾಲಿನಲ್ಲಿ ಕತ್ತು ಒಂದು ಕಡೆ ವಾಲಿಸಿ ನಿಂತ ಹುಡುಗಿಯ ಮೇಲೆ ಬೆರಳು ನಿಂತಿತು. "ಇದು ನಮ್ಮತ್ತೆ ಕಣೋ. ಕೊನೇವರೆಗೂ ಹೀಗೇ ನಿಲ್ತಿದ್ರು." ಗೆಳೆಯ ಮೊಬೈಲಿನಲ್ಲಿ ರೆಕಾರ್ಡ್ ಹಾಕಿ ಅವರ ಪಕ್ಕ ಕೂತ. ಮುಖ ಗುರುತಿಸುವ ಹಿರಿಯರು ಮನೆಯಲ್ಲಿದ್ದರೆ ಮಿಕ್ಕಿದ್ದೆಲ್ಲ ಬಿಟ್ಟು ಮೊದಲು ಇದನ್ನು ಮಾಡಬೇಕು. ಕಾಗದ ಇನ್ನೂ ಹತ್ತು ವರ್ಷ ಕಾಯುತ್ತದೆ, ಅವರು ಕಾಯಲಾರರು.

ಸಂಜೆ ಸ್ಕ್ಯಾನ್ ಮಾಡಿದೆವು. ಫೋಟೋಗಳಿಗೆ 600 ಡಿಪಿಐ, ಅಂದರೆ ಅಂಗುಲಕ್ಕೆ 600 ಚುಕ್ಕಿ, ವಿವರ ಕಳೆಯದ ಟಿಫ್ ಫೈಲು, ಮುಂಬದಿ ಹಿಂಬದಿ ಎರಡೂ. ನಕ್ಷೆಯ ಅಳತೆಯ ಪಟ್ಟಿ ಚಿತ್ರದೊಳಗೆ ಬರುವಂತೆ ನೋಡಿಕೊಂಡೆವು. ಚಿತ್ರವನ್ನು ಹಿಗ್ಗಿಸಿದರೂ ಕುಗ್ಗಿಸಿದರೂ ಪಟ್ಟಿ ಜೊತೆಗೇ ಹಿಗ್ಗಿ ಕುಗ್ಗುವುದರಿಂದ ಲೆಕ್ಕ ತಪ್ಪುವುದಿಲ್ಲ. ಪ್ರತಿಗಳನ್ನು ಬೇರೆ ಬೇರೆ ಊರಿನ ಮನೆಗಳಲ್ಲಿ ಇಡಲು ಹೇಳಿದೆ. ಜರ್ಮನಿಯ ಕಲೋನ್ ನಗರದ ದಾಖಲೆ ಭಂಡಾರ 2009ರ ಮಾರ್ಚ್ 3ರಂದು ಕುಸಿದು ಬಿತ್ತು. ಪಕ್ಕದಲ್ಲೇ ನೆಲದಡಿಯ ರೈಲಿನ ಕೆಲಸ ನಡೆಯುತ್ತಿತ್ತು. ಸಾವಿರ ವರ್ಷಗಳ ದಾಖಲೆ ಅವಶೇಷಗಳಡಿ ಹೂತುಹೋಯಿತು. ಮೊದಲು ಅಲ್ಲಿ ಓದಲು ಬಂದಿದ್ದವರು ತಾವು ತೆಗೆದುಕೊಂಡು ಹೋಗಿದ್ದ ನಕಲುಗಳನ್ನು ಕಳಿಸಿಕೊಡಬಹುದು ಅಂತ ಆಮೇಲೆ ಏರ್ಪಾಡು ಮಾಡಿದರು. ಅಂಥ ಕಟ್ಟಡವೇ ಬಿದ್ದ ಮೇಲೆ ನಮ್ಮ ಟ್ರಂಕು ಯಾವ ಲೆಕ್ಕ ಅಲ್ವಾ?

ಕೆಲವು ಪತ್ರ ಮಾತ್ರ ಸ್ಕ್ಯಾನ್ ಮಾಡಲಿಲ್ಲ. ಸಾಲದ ಮಾತು, ಒಬ್ಬರ ಕಾಯಿಲೆ, ಒಂದು ಮದುವೆ ಮುರಿದದ್ದು ಅವುಗಳಲ್ಲಿತ್ತು. ಆ ಮನೆಗಳವರು ಇನ್ನೂ ಇದ್ದಾರೆ. ಪಟ್ಟಿಯಲ್ಲಿ ಸಂಖ್ಯೆ ಹಾಕಿ, ಬೇರೆ ಲಕೋಟೆಯಲ್ಲಿಟ್ಟು, ಅಜ್ಜಿಯ ಕೈಗೆ ಕೊಟ್ಟೆವು. ಚರಿತ್ರೆಯ ಹೆಸರಿನಲ್ಲಿ ಇನ್ನೊಬ್ಬರ ನೋವನ್ನು ಬಯಲಿಗಿಡುವುದು ನನಗೆ ಒಪ್ಪದ ಮಾತು.

ಪಾಲು ಮಾಡುವ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಅಣ್ಣತಮ್ಮಂದಿರಿಗೆ ಒಳ್ಳೆಯ ಪ್ರಿಂಟು ಹಾಕಿಸಿ ಕೊಡುವುದು, ಮೂಲವೆಲ್ಲ ಆಮ್ಲವಿಲ್ಲದ ಕಾಗದದ ಪೆಟ್ಟಿಗೆಯಲ್ಲಿ ಒಟ್ಟಿಗೇ ಇಡುವುದು ಅಂತ ಆಯಿತು. ನಕ್ಷೆಯನ್ನು ಇನ್ನು ಮಡಚುವುದಿಲ್ಲ, ದಪ್ಪ ಕೊಳವೆಗೆ ಸುತ್ತಿಡುತ್ತಾರೆ. ಹುಡುಗ ಲಕೋಟೆಗಳನ್ನು ಚೀಟಿಯ ಸಮೇತ ಇಸವಿಯ ಪ್ರಕಾರ ಪಟ್ಟಿ ಮಾಡುತ್ತಿದ್ದಾನೆ.

ಈಗ ದೋಣಿಯವರಿಗೆ ಕೊಟ್ಟ ಇನ್ನೊಂದು ಪ್ರತಿ ಹುಡುಕುತ್ತಿದ್ದೇವೆ. ನಮ್ಮದರಲ್ಲಿ ಎಡಗಡೆಯ ಕೊನೆಯ ಇಬ್ಬರ ಮುಖ ಅಳಿಸಿಹೋಗಿದೆ. ಅವರದರಲ್ಲಿ ಉಳಿದಿರಬಹುದು, ಹೆಸರುಗಳನ್ನೂ ಬರೆದಿಟ್ಟಿರಬಹುದು. ಅವರ ಮೊಮ್ಮಕ್ಕಳು ಎಲ್ಲಿರಬಹುದು ಅಂತ ಅಜ್ಜಿ ಎರಡು ಊರಿನ ಹೆಸರು ಹೇಳಿದ್ದಾರೆ. ಮುಂದಿನ ವಾರ ಮೊದಲನೆಯದಕ್ಕೆ ಹೋಗುತ್ತಿದ್ದೇವೆ.